ಫೋಟೋದ ಕೆಳಗೆ ಬರೆಯುವ ಹೆಸರು

ಬ್ರಾಡ್‌ಫರ್ಡ್
2 ಫೆಬ್ರವರಿ 2025, ಆದಿತ್ಯವಾರ

ಇಚ್ಚಾ,

ಸಲಾಂ. ಕಾಗದ ಕಂಡು ಗಾಬರಿಯಾಗಬೇಡ, ಉಮ್ಮ ಚೆನ್ನಾಗಿಯೇ ಇದ್ದಾರೆ. ಎಂಬತ್ತು ತುಂಬಿದರೂ ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ದಿನಾ ಹೇಳುವಷ್ಟು ಚೆನ್ನಾಗಿದ್ದಾರೆ. ಫೋನ್ ಮಾಡಿದರೆ ನೀನು ಮೂರು ಮಾತಿಗೆ "ರೇಂಜ್ ಇಲ್ಲ" ಎಂದು ಇಡುತ್ತೀ. ಕಳೆದ ವಾರ ವೀಡಿಯೋ ಕಾಲ್ ಮಾಡಿದಾಗ ಪರದೆಯಲ್ಲಿ ನಿನ್ನ ಮುಖ ನಿಂತೇ ಹೋಗಿತ್ತು, ಸ್ವರ ಮಾತ್ರ ಬೈಯುತ್ತಿತ್ತು. ಅದಕ್ಕೇ ಉಪ್ಪ ಕಲಿಸಿದ ಹಳೆಯ ದಾರಿ ಹಿಡಿದಿದ್ದೇನೆ. ಆದಿತ್ಯವಾರ ಬೆಳಿಗ್ಗೆ ನಮ್ಮಿಬ್ಬರನ್ನು ಅಡಿಗೆಮನೆಯ ಮೇಜಿಗೆ ಕೂರಿಸಿ, ಊರಿಗೆ ಕನ್ನಡದಲ್ಲಿ ಒಂದು ಪುಟ ಬರೆಯದೆ ಆಟಕ್ಕೆ ಬಿಡುತ್ತಿರಲಿಲ್ಲವಲ್ಲ? ನಾವು ಆಡುವುದು ಬ್ಯಾರಿ, ಬರೆಯುವುದು ಕನ್ನಡ. ನನ್ನ ಕನ್ನಡ ಆ ಮೇಜಿನಲ್ಲೇ ನಿಂತಿದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ವಿಷಯ ಇದು. ನಮ್ಮ ಲೈಬ್ರರಿಯಲ್ಲಿ ಬೇಸಗೆಗೆ ಒಂದು ಪ್ರದರ್ಶನ ಮಾಡುತ್ತಾರೆ. ಹೊರಗಿನಿಂದ ಬಂದವರ ಮನೆಗಳಲ್ಲಿ ಈ ಊರಿನಲ್ಲಿ ಬೆಳೆದ ಮಕ್ಕಳ ಫೋಟೋಗಳು, ಕೆಳಗೆ ಅವರ ನೆನಪುಗಳು. ನಾನು ನಮ್ಮ ಹದಿನೇಳನೇ ನಂಬರಿನ ಮನೆಯ ಎದುರಿನ ಫೋಟೋ ಕೊಟ್ಟೆ. ನಿನಗೆ ಗೊತ್ತಲ್ಲ, 1977ರ ಹಿಮದ್ದು. ನಾನು ಉಮ್ಮನ ಶಾಲು ಸುತ್ತಿಕೊಂಡಿದ್ದೇನೆ, ನೀನು ಉಪ್ಪನ ಮಿಲ್ಲಿನ ಕೋಟು ಹಾಕಿಕೊಂಡು, ಕೈಯೇ ಇಲ್ಲದವನ ಹಾಗೆ ನಿಂತಿದ್ದೀ. ಲೈಬ್ರರಿಯ ಹುಡುಗಿ ಅದನ್ನು ಕಂಡು ಎಷ್ಟು ಖುಷಿಪಟ್ಟಳೆಂದರೆ, ದೊಡ್ಡದು ಮಾಡಿ ಬಾಗಿಲಿನ ಎದುರಿನ ಗೋಡೆಗೇ ಹಾಕುತ್ತಾಳಂತೆ!

ಈಗ ನಿನ್ನಿಂದ ಒಂದು ಪುಟ ಬೇಕು. ಏನು ಬೇಕಾದರೂ ಬರೆ. ಬಾಗಿಲಲ್ಲಿಟ್ಟ ಹಾಲಿನ ಬಾಟಲಿಯ ಮುಚ್ಚಳ ಕುಕ್ಕಿ ಕೆನೆ ತಿನ್ನುತ್ತಿದ್ದ ಹಕ್ಕಿಗಳು. ಬೆಳ್ಳನೆ ಹಿಮ. ಉಮ್ಮ ಬಂಗುಡೆ ಹುರಿದ ದಿನ ಪಕ್ಕದ ಮನೆಯ ಮುದುಕಿ ಗ್ಯಾಸ್ ಸೋರುತ್ತಿದೆ ಎಂದು ಜನ ಕರೆಸಿದ್ದು. ಬೀದಿಗೆ ಅಡ್ಡ ಕಟ್ಟಿದ ಹಗ್ಗದಲ್ಲಿ ಒಣಗುವ ಬಟ್ಟೆಯ ಅಡಿಯಲ್ಲಿ ನೀನು ನನಗೆ ಸೈಕಲ್ ಕಲಿಸಿದ್ದು. ನಾನು ಬರೆಯುತ್ತಾ ಕೂತರೆ ನಿಲ್ಲಿಸಲಿಕ್ಕೇ ಆಗುವುದಿಲ್ಲ. ಎಂಥ ಒಳ್ಳೆಯ ಬಾಲ್ಯ ಇಚ್ಚ, ನಮ್ಮ ಅಣ್ಣ-ತಂಗಿಯರದ್ದು.

ಅತ್ತಿಗೆ ಝುಹ್ರಾತ್ತಾನಿಗೆ ನನ್ನ ಸಲಾಂ ಹೇಳು. ಬೇಗ ಬರೆ.

ರಾಹಿಲಾ


ಮಂಗಲ್ಪಾಡಿ
21 ಫೆಬ್ರವರಿ 2025

ರಾಹಿಲಾ,

ನಿನ್ನ ಕಾಗದ ಹದಿನೇಳು ದಿನ ತಿರುಗಿ ತಲುಪಿದೆ. ಪೋಸ್ಟ್‌ಮ್ಯಾನ್ ಅದನ್ನು ಮನೆಯಲ್ಲಿ ಕೊಡದೆ, ವಿಲೇಜ್ ಆಫೀಸಿನ ಎದುರು ನಾನು ಅರ್ಜಿ ಬರೆಯುವ ಮೇಜಿಗೇ ತಂದು, ಹತ್ತು ಮಂದಿಯ ನಡುವೆ "ಲಂಡನ್ ತೌಫೀಕನಿಗೆ ಲಂಡನಿಂದ ಬಂತು" ಎಂದು ಕೂಗಿದ. ಬ್ರಾಡ್‌ಫರ್ಡ್ ಲಂಡನ್ ಅಲ್ಲ ಎಂದು ಈ ಊರಿಗೆ ತಿಳಿಸಲಿಕ್ಕೆ ನಲವತ್ತೈದು ವರ್ಷದಲ್ಲಿ ನನ್ನಿಂದ ಆಗಲಿಲ್ಲ. ಮಂಗಲ್ಪಾಡಿಯವನನ್ನು ಇವರು ತಿರುವನಂತಪುರದವ ಎಂದರೆ ಒಪ್ಪುತ್ತಾರಾ? ಪಕ್ಕದ ಮೇಜಿನ ಟೈಪಿಸ್ಟ್ ಯೋಗೀಶ, "ಎಂತ ತೌಫೀಕ್‌ಚ್ಚಾ, ರಾಣಿ ಹೋದ ಮೇಲೆ ಆಸ್ತಿಯಲ್ಲಿ ನಿಮಗೂ ಪಾಲು ಉಂಟಾ?" ಎಂದು ಕೇಳಿದ. ಇಡೀ ದಿನ ಅದೇ ತಮಾಷೆ. ಇವರಿಗೆಲ್ಲ ಬೇರೆ ಕೆಲಸ ಇಲ್ಲ.

ಫೋಟೋ ಬೇಡ. ತೆಗೆಸಿಬಿಡು. ನನ್ನಿಂದ ಒಂದು ಪುಟವೂ ಸಿಗುವುದಿಲ್ಲ. ನನಗೆ ಆ ಊರಿನ ಎಂತದ್ದೂ ನೆನಪಿಲ್ಲ.

ಆದರೂ ಗೋಡೆಗೆ ಹಾಕುವವಳು ಸುಳ್ಳು ಹಾಕಬೇಡ. ಹಿಮ ಬೆಳ್ಳಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬೆಳ್ಳಗೆ, ಮಧ್ಯಾಹ್ನದ ಹೊತ್ತಿಗೆ ಚಿಮಿಣಿಗಳ ಮಸಿ ಬಿದ್ದು ನಮ್ಮ ಪಾತ್ರೆ ತಿಕ್ಕುವ ಬೂದಿಯ ಬಣ್ಣ. ಬಂಗುಡೆ ಅಲ್ಲ, ಅಲ್ಲಿ ಬಂಗುಡೆ ಎಲ್ಲಿ ಸಿಗುತ್ತಿತ್ತು? ಅದು ಹೆರ್ರಿಂಗ್. ಸೈಕಲ್ ನಾನು ಕಲಿಸಿದ್ದಲ್ಲ, ನೀನೇ ಎರಡು ಸಲ ಬಿದ್ದು, ಮೂರನೆಯ ಸಲ ಕಲ್ಲಿದ್ದಲು ತರುವವನ ಗಾಡಿಗೆ ಗುದ್ದಿ ಕಲಿತದ್ದು. ಪಕ್ಕದ ಮನೆಯ ಮುದುಕಿ ಆಮೇಲೆ ಮಾಮಿಯಿಂದ, ಅಂದರೆ ನಿನ್ನ ಉಮ್ಮನಿಂದಲೇ, ಅದೇ ಮೀನನ್ನು ತಟ್ಟೆಯಲ್ಲಿ ಇಸಕೊಂಡು ತಿಂದದ್ದನ್ನು ಯಾಕೆ ಬರೆಯುವುದಿಲ್ಲ?

ನನಗೆ ಪುರುಸೊತ್ತು ಇಲ್ಲ. ನಿನ್ನೆ ಒಂದೇ ದಿನ ಎಂಟು ಮಂದಿ, ಎಂಟೂ ಒಂದೇ ಅರ್ಜಿ. ಈ ಊರಿನಲ್ಲಿ ಒಬ್ಬನಿಗೆ ಒಂದೇ ಹೆಸರು ಇದ್ದದ್ದು ನಾನು ಕಂಡಿಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಗಲ್ಫಿನ ಪಾಸ್‌ಪೋರ್ಟಿನಲ್ಲಿ ತರವಾಡು ಮನೆತನದ ಹೆಸರು ಸೇರಿ ಮತ್ತೊಂದು. ಆಮೇಲೆ ಪೆನ್ಶನಿಗೋ ಜಾಗದ ಪತ್ರಕ್ಕೋ ತಾಳೆಯಾಗದಿದ್ದಾಗ ನನ್ನ ಹತ್ತಿರ ಓಡಿ ಬರುತ್ತಾರೆ. ಈ ಎರಡು ಹೆಸರಿನವನೂ ಒಬ್ಬನೇ ಮನುಷ್ಯ ಎಂದು ವಿಲೇಜ್ ಆಫೀಸರರಿಂದ ಸರ್ಟಿಫಿಕೇಟ್ ಬೇಕು. ಕನ್ನಡದಲ್ಲಿ ಹೇಳಿದ್ದನ್ನು ನಾನು ಮಲಯಾಳದಲ್ಲಿ ಬರೆದುಕೊಡಬೇಕು, ಒಳಗಿನವರು ಅದನ್ನು ಇಂಗ್ಲಿಷಿನಲ್ಲಿ ತಾ ಎನ್ನಬೇಕು. ಹೀಗೆ ನಡೆಯುತ್ತದೆ ನನ್ನ ಜೀವನ. ಇದರ ಮಧ್ಯೆ ನಿನ್ನ ಹಾಲಿನ ಬಾಟಲಿ.

ಮಾಮಿಗೆ ಸಲಾಂ.

ತೌಫೀಕ್


ಬ್ರಾಡ್‌ಫರ್ಡ್
23 ಫೆಬ್ರವರಿ 2025, ಆದಿತ್ಯವಾರ

ಇಚ್ಚಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ, ದಾರಿಯಲ್ಲಿರಬೇಕು. ನನಗೆ ತಡೆಯಲಿಕ್ಕಾಗದೆ ಪ್ರದರ್ಶನಕ್ಕೆ ನನ್ನ ಪುಟ ಬರೆದೇಬಿಟ್ಟೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಿನಗೆ ಕನ್ನಡದಲ್ಲಿ ಹೇಳುತ್ತೇನೆ:

"ಮಿಲ್ಲಿನ ಸೈರನ್ ಕೂಗುವ ಮೊದಲೇ ನನ್ನ ಅಣ್ಣ ಇರ್ಷಾದ್ ಎದ್ದು ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ. ನಮ್ಮ ಬೀದಿಯಲ್ಲಿ ಪಾಕಿಸ್ತಾನದ ಮೀರ್‌ಪುರದವರು, ಪಂಜಾಬಿನವರು, ಪೋಲೆಂಡಿನವರು ಎಲ್ಲ ಇದ್ದರು. ಕಾಸರಗೋಡಿನವರು ನಾವೊಬ್ಬರೇ. ಬೆಳಿಗ್ಗೆ ಎದ್ದು ಅಕ್ಕಿ ರೊಟ್ಟಿಗೆ ಮೀನು ಸಾರು ತಿನ್ನುವ ನಾವು ಮುಸ್ಲಿಮರೇ ಹೌದೋ ಅಲ್ಲವೋ ಎಂದು ಮೀರ್‌ಪುರದವರಿಗೆ ಬಹಳ ಕಾಲ ಸಂಶಯವಿತ್ತು. ಇರ್ಷಾದ್ ಎಲ್ಲರ ಭಾಷೆಯನ್ನೂ ಕಲಿತ. ಅಂಗಡಿಯಲ್ಲಿ ಪಂಜಾಬಿ, ಶಾಲೆಯಲ್ಲಿ ಯಾರ್ಕ್‌ಶೈರಿನ ಇಂಗ್ಲಿಷ್. ಈಜುಕೊಳದಲ್ಲಿ ಇರ್ಷಾದ್‌ಗೆ ಕಂಚಿನ ಬ್ಯಾಡ್ಜ್ ಸಿಕ್ಕಿದ ದಿನ ಉಪ್ಪ ಇಡೀ ಬೀದಿಗೆ ಮಿಠಾಯಿ ಹಂಚಿದರು."

ಹೇಗಿದೆ? ಕೆಳಗೆ "ಇರ್ಷಾದ್ ಮತ್ತು ರಾಹಿಲಾ, 1977" ಎಂದು ಹಾಕುತ್ತಾರೆ. ತೌಫೀಕ್ ಎಂದು ಹಾಕೋಣವೆಂದರೆ ಇಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ಇಲ್ಲಿಯ ರಿಜಿಸ್ಟರುಗಳಲ್ಲೆಲ್ಲ ನಿನ್ನ ಶಾಲೆಯ ಹೆಸರೇ ಇರುವುದು. ಉಪ್ಪ ತಂಗಿಯ ಮಗನನ್ನು ಸ್ವಂತ ಮಗನೆಂದು ಬರೆಸಿ ಕರೆತಂದದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಕಾಲದಲ್ಲಿ ಯಾರು ಮಾಡಲಿಲ್ಲ? ನನಗಂತೂ ನೀನು ಸ್ವಂತ ಅಣ್ಣನೇ.

ಒಂದು ವಿವರ ಬೇಕಿತ್ತು. ಹುಟ್ಟಿದ ತಾರೀಕು ಕೇಳುತ್ತಾರೆ. ರಿಜಿಸ್ಟರಿನಲ್ಲಿ 1963 ಇದೆ, ನೀನು ಯಾವಾಗಲೂ 1964 ಎನ್ನುತ್ತೀ. ಯಾವುದು ಸರಿ?

ರಾಹಿಲಾ


ಮಂಗಲ್ಪಾಡಿ
14 ಮಾರ್ಚ್ 2025

ರಾಹಿಲಾ,

ಇದು ರಂಜಾನ್. ನೋಂಬು ಹಿಡಿದವನು ಬೈಯಬಾರದು. ಅದಕ್ಕಾಗಿ ನಿನ್ನ ಎರಡನೆಯ ಕಾಗದವನ್ನು ನೋಂಬು ಬಿಟ್ಟ ಮೇಲೆ ಓದಿದೆ, ನೋಂಬು ಬಿಟ್ಟ ಮೇಲೆ ಬರೆಯುತ್ತಿದ್ದೇನೆ. ಝುಹ್ರಾ ಪಕ್ಕದಲ್ಲಿ ಕೂತು, "ಕಾಗದ ಬರೀತೀರೋ, ಕಾಗದದ ಹತ್ರ ಜಗಳ ಮಾಡ್ತೀರೋ? ಹಾಳೆ ಹರಿದು ಹೋಗ್ತದೆ" ಎನ್ನುತ್ತಾಳೆ.

ಹೇಳಿದ್ದು ಒಂದು ಸಲಕ್ಕೆ ಯಾಕೆ ತಲೆಗೆ ಹೋಗುವುದಿಲ್ಲ ನಿನಗೆ? ಫೋಟೋ ಬೇಡ ಎಂದರೆ ಬೇಡ. ಆ ಹೆಸರಂತೂ ಬೇಡವೇ ಬೇಡ. ಒಂದು ಪುಟದಲ್ಲಿ ಮೂರು ಸಲ ಬರೆದಿದ್ದೀ. ಇರ್ಷಾದ್ ಒಲೆ ಹೊತ್ತಿಸಿದ, ಇರ್ಷಾದ್ ಭಾಷೆ ಕಲಿತ, ಇರ್ಷಾದ್‌ಗೆ ಬ್ಯಾಡ್ಜ್ ಸಿಕ್ಕಿತು. ಚಳಿಯಲ್ಲಿ ಬೆರಳು ಮರಗಟ್ಟಿದ್ದು ಯಾರದ್ದು? ಆ ಕೊಳದ ಕ್ಲೋರಿನ್ ನೀರು ಕುಡಿದು ಕಣ್ಣು ಕೆಂಪು ಮಾಡಿಕೊಂಡವನು ಯಾರು? ಆ ಬ್ಯಾಡ್ಜ್ ಈಗ ಎಲ್ಲಿ ಉಂಟು ಎಂದು ಕೇಳಿದ್ದೀಯಾ? ಹೋಗಲಿ, ನಾನು ಇದನ್ನೆಲ್ಲ ಬರೆಯಬೇಕೆಂದು ಕೂತದ್ದಲ್ಲ.

ಹುಟ್ಟಿದ ತಾರೀಕು ಎರಡೂ ಸರಿ. ಇದಕ್ಕಿಂತ ಹೆಚ್ಚು ಕೇಳಬೇಡ.

ಮಾಮ ತೀರಿಹೋಗಿ ಹದಿನಾರು ವರ್ಷ ಆಯಿತು. ಅವರು ಯಾವ ಕಾಗದದಲ್ಲಿ ಎಂತ ಬರೆಸಿದರು ಎಂಬುದನ್ನು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸುವ ಕೆಲಸ ನಿನಗೆ ಬೇಡ. ನಿನಗೆ ಬಾಲ್ಯ ಬೇಕಾದರೆ ನಿನ್ನದನ್ನು ಬರೆ. ಫೋಟೋದಲ್ಲಿ ನಿನ್ನ ಅರ್ಧವನ್ನು ಕತ್ತರಿಸಿ ಹಾಕು. ಅಷ್ಟು ಶಾಲು ಸುತ್ತಿಕೊಂಡಿದ್ದೀ, ಕತ್ತರಿಸಿದ್ದು ಯಾರಿಗೂ ಗೊತ್ತಾಗಲಿಕ್ಕಿಲ್ಲ.

ತೌಫೀಕ್


ಬ್ರಾಡ್‌ಫರ್ಡ್
6 ಏಪ್ರಿಲ್ 2025, ಆದಿತ್ಯವಾರ

ಇಚ್ಚಾ,

ಪೆರ್ನಾಳಿನ ಮರುದಿನ ನಿನ್ನ ಕಾಗದ ಬಂತು. ಹಬ್ಬದ ಕಾಗದ ಎಂದು ಉಮ್ಮನ ಎದುರೇ ಒಡೆದೆ. ಮೊದಲ ಎರಡು ಸಾಲು ಗಟ್ಟಿಯಾಗಿ ಓದಿ, ಉಳಿದದ್ದನ್ನು ನಾನೇ ಸೃಷ್ಟಿಸಿ ಹೇಳಬೇಕಾಯಿತು. "ಇಚ್ಚ ಎಲ್ಲರಿಗೂ ಸಲಾಂ ಹೇಳಿದ್ದಾನೆ, ಈ ಸಲ ಮಾವಿನಮಿಡಿ ಚೆನ್ನಾಗಿ ಬಿಟ್ಟಿದೆಯಂತೆ" ಎಂದೆ. ಉಮ್ಮ ನನ್ನ ಮುಖ ನೋಡಿ, "ಎರಡು ಪುಟದಲ್ಲಿ ಮಾವಿನಮಿಡಿ ಮಾತ್ರವಾ?" ಎಂದು ಕೇಳಿದರು.

ನನಗೂ ಸಿಟ್ಟು ಬರುತ್ತದೆ ಇಚ್ಚ. ನಾನೇನು ಕೇಳಿದೆ? ಒಂದು ಪುಟ ನೆನಪು. ಅದಕ್ಕೆ ನನ್ನನ್ನು ಕತ್ತರಿಸಿ ಹಾಕಲು ಹೇಳುತ್ತೀ. ಈ ಊರಿನಲ್ಲಿ ನನ್ನ ಬಾಲ್ಯಕ್ಕೆ ನಿನ್ನನ್ನು ಬಿಟ್ಟು ಬೇರೆ ಸಾಕ್ಷಿ ಯಾರಿದ್ದಾರೆ? ಆ ಬೀದಿಯನ್ನೇ ಕೆಡವಿದ್ದಾರೆ. ಹದಿನೇಳನೇ ನಂಬರು ಇದ್ದಲ್ಲಿ ಈಗ ಟೈರ್ ಅಂಗಡಿ. ಕೆಲವೊಮ್ಮೆ ನಾನು ಅಲ್ಲಿ ಕಾರು ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಅಂಗಡಿಯವನು ಬಂದು ಟೈರ್ ಬೇಕಾ ಎಂದು ಕೇಳುತ್ತಾನೆ. ಏನು ಹೇಳಲಿ ಅವನಿಗೆ?

ನಿನ್ನ ಸಿಟ್ಟು ಯಾಕೆಂದು ನನಗೆ ಗೊತ್ತು. ನಲವತ್ತೈದು ವರ್ಷದಿಂದ ಗೊತ್ತು, ಹೇಳುವ ಧೈರ್ಯ ಆಗಿರಲಿಲ್ಲ. ನೀನು ಶಾಲೆಯ ಕೊನೆಯ ವರ್ಷ ಕ್ಲಾಸು ತಪ್ಪಿಸಿ ಗೆಳೆಯರೊಡನೆ ಸಿನಿಮಾಕ್ಕೆ ಹೋದದ್ದನ್ನು ಉಪ್ಪನಿಗೆ ಹೇಳಿದ್ದು ನಾನೇ. ನನಗೆ ಒಂಬತ್ತು ವರ್ಷ. ನನ್ನನ್ನು ಬಿಟ್ಟು ಹೋದೆ ಎಂಬ ಹೊಟ್ಟೆಕಿಚ್ಚು. ಆ ರಾತ್ರಿ ಉಪ್ಪ ಎಷ್ಟು ಕೂಗಾಡಿದರು! ಮುಂದಿನ ತಿಂಗಳು ನಿನ್ನನ್ನು ಊರಿಗೆ ಕಳಿಸಿಬಿಟ್ಟರು. ಏರ್‌ಪೋರ್ಟಿನಲ್ಲಿ ನೀನು ನನ್ನ ಕಡೆ ತಿರುಗಿ ನೋಡಲಿಲ್ಲ. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದೇ ಮಾತು: ನಾನು ಬಾಯಿ ಮುಚ್ಚಿಕೊಂಡಿದ್ದರೆ ಇಚ್ಚ ಇಲ್ಲೇ ಓದಿ, ಇಲ್ಲೇ ಇರುತ್ತಿದ್ದ, ವಿಲೇಜ್ ಆಫೀಸಿನ ಬಿಸಿಲಿನಲ್ಲಿ ಕೂತು ಬೇರೆಯವರ ಅರ್ಜಿ ಬರೆಯುವ ಗತಿ ಬರುತ್ತಿರಲಿಲ್ಲ. ತಪ್ಪಾಯಿತು ಇಚ್ಚ. ಈಗಲಾದರೂ ಕ್ಷಮಿಸು.

ಆದರೆ ಫೋಟೋ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆ ಗೋಡೆಯ ಮೇಲಾದರೂ ನೀನು ಈ ಊರಿನಲ್ಲಿ ಇರು. ಹೆಸರು ಇರ್ಷಾದ್ ಎಂದೇ ಹಾಕಿಸುತ್ತೇನೆ.

ರಾಹಿಲಾ


ಮಂಗಲ್ಪಾಡಿ
25 ಏಪ್ರಿಲ್ 2025

ರಾಹಿಲಾ,

ಇದನ್ನು ಒಬ್ಬಳೇ ಕೂತು ಓದು. ಮಾಮಿಯ ಎದುರು ಒಡೆಯಬೇಡ.

ನೀನು ಸಿನಿಮಾದ ವಿಷಯ ಹೇಳಿದ್ದಕ್ಕೂ ನಾನು ಬಂದದ್ದಕ್ಕೂ ಯಾವ ಸಂಬಂಧವೂ ಇಲ್ಲ ಮಾರಾಯ್ತಿ. ಒಂಬತ್ತು ವರ್ಷದ ಹುಡುಗಿಯ ಚಾಡಿಗೆ ಯಾರಾದರೂ ವಿಮಾನದ ಟಿಕೆಟ್ ತೆಗೆಯುತ್ತಾರಾ? ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗಿದೆಯಲ್ಲ, ನಿನ್ನ ತಲೆಗೆ ಎಂತ ಹೇಳುವುದು! ಈಗ ನಾನು ಬಾಯಿ ಮುಚ್ಚಿಕೊಂಡರೆ ನೀನು ಸಾಯುವವರೆಗೂ ಹೊತ್ತುಕೊಂಡೇ ಇರುತ್ತೀ. ಅದಕ್ಕೇ ಹೇಳುತ್ತಿದ್ದೇನೆ, ಮಾಮನಿಗೆ ಕೊಟ್ಟ ಮಾತು ಮುರಿದು.

ಇರ್ಷಾದ್ ನನ್ನ ಶಾಲೆಯ ಹೆಸರಲ್ಲ. ಇರ್ಷಾದ್ ನಿನ್ನ ಅಣ್ಣ. ನಿನ್ನ ಉಮ್ಮ ಹೆತ್ತ ಮೊದಲ ಮಗ. ನನಗಿಂತ ಒಂದು ವರ್ಷ ದೊಡ್ಡವನು. ಈ ಮನೆಯಲ್ಲಿ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. 1969ರಲ್ಲಿ ಅವನಿಗೆ ಜ್ವರ ಬಂತು, ನಾಲ್ಕನೆಯ ದಿನ ತೀರಿಹೋದ. ಆರು ವರ್ಷ. ನಾವು ನಮಾಜಿಗೆ ಹೋಗುವ ಪಳ್ಳಿಯ ಹಿಂದೆ ಅವನನ್ನು ಹೂತ ಖಬರ್ ಉಂಟು. ನೀನು ಹುಟ್ಟಿದ್ದು ಆಮೇಲೆ ಎರಡು ವರ್ಷಕ್ಕೆ, ಬ್ರಾಡ್‌ಫರ್ಡಿನಲ್ಲಿ.

ಅವನು ಹೋಗುವ ಎರಡು ತಿಂಗಳ ಮೊದಲೇ ಮಾಮಿಗೂ ಅವನಿಗೂ ಇಂಗ್ಲೆಂಡಿಗೆ ಹೋಗುವ ಅನುಮತಿಯ ಕಾಗದ ಬಂದಾಗಿತ್ತು. ಆಗ ಮಕ್ಕಳಿಗೆ ಬೇರೆ ಪಾಸ್‌ಪೋರ್ಟ್ ಇರಲಿಲ್ಲ, ತಾಯಿಯದ್ದರಲ್ಲೇ ಹೆಸರು ಮತ್ತು ತಾರೀಕು. ಫೋಟೋ ಇಲ್ಲ. ಮರುವರ್ಷ ಮಾಮ ಕರೆದೊಯ್ಯಲು ಬಂದರು. ನನ್ನ ಉಪ್ಪ ಆಗಲೇ ತೀರಿಹೋಗಿದ್ದರು, ನನ್ನ ಹಿಂದೆ ಇನ್ನೂ ಮೂವರು. ಮಾಮ ಚಾವಡಿಯಲ್ಲಿ ಕೂತು ನನ್ನ ಉಮ್ಮನಿಗೆ ಹೇಳಿದ್ದು ನನಗೆ ಈಗಲೂ ಕೇಳುತ್ತದೆ: "ಕಾಗದ ಬಂದಾಗಿದೆ. ಸುಮ್ಮನೆ ಹಾಳು ಮಾಡುವುದು ಯಾಕೆ? ಇವನಾದರೂ ಓದಲಿ."

ಅಷ್ಟೇ. ನನ್ನನ್ನು ಒಳ್ಳೆಯದಕ್ಕೇ ಕರೆದುಕೊಂಡು ಹೋದರು, ಅದರಲ್ಲಿ ಎರಡು ಮಾತಿಲ್ಲ. ಮಗ ತೀರಿ ವರ್ಷ ತುಂಬದ ಮಾಮಿ, ಅವನ ಹೆಸರಿದ್ದ ಪಾಸ್‌ಪೋರ್ಟನ್ನು ಒಂದು ಕೈಯಲ್ಲಿ, ನನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದರು. ಅಲ್ಲಿ ಇಳಿದಾಗ ಕೌಂಟರಿನಲ್ಲಿ ಆಫೀಸರ್ ನನ್ನ ಹೆಸರು ಕೇಳಿದ. ನಾನು ಮಾಮಿಯ ಹಿಂದೆ ಅಡಗಿದೆ. ಮಾಮಿಯೇ ಹೇಳಿದರು, "ಇರ್ಷಾದ್."

ಹೊಸಿಲಿನ ಹೊರಗೆ ಉಪ್ಪ, ಉಮ್ಮ, ಇರ್ಷಾದ್. ಹೊಸಿಲಿನ ಒಳಗೆ ಮಾಮ, ಮಾಮಿ, ತೌಫೀಕ್. ಹೀಗೆಂದು ಮಾಮನ ನಿಯಮ. ನೀನು ಮಾತಾಡಲು ಕಲಿಯುವ ಹೊತ್ತಿಗೆ ಅದು ಅಭ್ಯಾಸವೇ ಆಗಿತ್ತು, ಶಾಲೆಯ ಹೆಸರು ಎಂದುಕೊಂಡೆ. ಆದರೆ ಮಾಮಿ ಮನೆಯೊಳಗೆ ನನ್ನನ್ನು ಹತ್ತು ವರ್ಷದಲ್ಲಿ ಯಾವ ಹೆಸರಿನಿಂದಲೂ ಕರೆದದ್ದಿಲ್ಲ. "ಬಾ." "ಉಣ್ಣು." "ಬಾಗಿಲು ಹಾಕು." ಅವರ ಮಗನ ಅನ್ನ, ಅವನ ಹಾಸಿಗೆ, ಅವನ ಶಾಲೆ, ಎಲ್ಲ ನಾನು ತಿಂದು ಕೂತಿದ್ದೆ. ನನ್ನ ಮುಖ ಕಂಡರೆ ಅವರಿಗೆ ಹೇಗಾಗುತ್ತಿತ್ತೋ ಎಂದು ನಾನು ತಟ್ಟೆ ನೋಡಿಯೇ ಉಣ್ಣುತ್ತಿದ್ದೆ.

ಹದಿನಾರಕ್ಕೆ ಶಾಲೆಯಿಂದ ಸರ್ಟಿಫಿಕೇಟ್ ಬಂತು. ಆರು ವಿಷಯದಲ್ಲಿ ಒಳ್ಳೆಯ ಮಾರ್ಕು. ಮೇಲೆ ಅವನ ಹೆಸರು. ಅದನ್ನು ಕೈಯಲ್ಲಿ ಹಿಡಿದಾಗ, ಇನ್ನು ಮದುವೆಯಾಗುವುದೂ ಮಕ್ಕಳಾಗುವುದೂ ಸಾಯುವುದೂ ಅವನೇ ಎಂದು ಅನ್ನಿಸಿತು. ಮಾಮನ ಹತ್ತಿರ ನಾನೇ ಹೋಗಿ ನನ್ನನ್ನು ಊರಿಗೆ ಕಳಿಸಿ ಎಂದೆ. ಅವರು ಕೂಗಾಡಿದ್ದು ಅದಕ್ಕೆ, ನಿನ್ನ ಸಿನಿಮಾಕ್ಕೆ ಅಲ್ಲ. ಏರ್‌ಪೋರ್ಟಿನಲ್ಲಿ ನಾನು ತಿರುಗದಿದ್ದದ್ದು ಅಳು ಬಂದದ್ದಕ್ಕೆ.

ಇಲ್ಲಿ ಇಳಿದ ಮೇಲೆ ತೌಫೀಕ್ ಆರು ವರ್ಷಕ್ಕೆ ಓದು ಬಿಟ್ಟವನು. ಬ್ರಾಡ್‌ಫರ್ಡಿನ ಹತ್ತು ವರ್ಷ ಯಾವ ದಾಖಲೆಯಲ್ಲೂ ಇಲ್ಲ. ಬ್ಯಾಡ್ಜ್ ನನ್ನ ಪೆಟ್ಟಿಗೆಯಲ್ಲಿ ಉಂಟು, ಹಿಂದೆ ಅವನ ಹೆಸರು ಕೊರೆದಿದ್ದಾರೆ, ಮಕ್ಕಳಿಗೂ ತೋರಿಸಿಲ್ಲ. ಎರಡು ಹೆಸರು, ಒಬ್ಬನೇ ಮನುಷ್ಯ ಎಂದು ಊರವರಿಗೆಲ್ಲ ಬರೆದುಕೊಡುತ್ತೇನೆ. ನನ್ನದು ಒಂದು ಹೆಸರು, ಇಬ್ಬರು ಮನುಷ್ಯರು. ಅದಕ್ಕೆ ಯಾವ ಆಫೀಸಿನಲ್ಲೂ ಫಾರಂ ಇಲ್ಲ.

ಈಗ ತಿಳಿಯಿತಾ? ಫೋಟೋ ತೆಗೆಸು. ಮಾಮಿಗೆ ಹೇಳಬೇಡ. ಎಂಬತ್ತರ ವಯಸ್ಸಿನಲ್ಲಿ ಅವರಿಗೆ ಇದು ಬೇಡ.

ತೌಫೀಕ್


ಮಂಗಲ್ಪಾಡಿ
6 ಜೂನ್ 2025

ರಾಹಿಲಾ,

ಆರು ವಾರ ಆಯಿತು. ಕಾಗದ ಇಲ್ಲ. ಇಷ್ಟು ದಿನ ನಾನು ಫೋನ್ ಇಡುತ್ತೇನೆ ಎಂದು ದೂರುತ್ತಿದ್ದವಳು ಈಗ ನಾನೇ ಮಾಡಿದರೆ ಎತ್ತುವುದಿಲ್ಲ. ನಿನ್ನೆ ಝುಹ್ರಾಳ ಫೋನಿನಿಂದ ಮಾಡಿದೆ, ಅದನ್ನೂ ಎತ್ತಲಿಲ್ಲ. ಬೈಯಬೇಕಾದರೆ ಬೈ. ಸುಮ್ಮನಿದ್ದು ನನ್ನ ತಲೆ ತಿನ್ನಬೇಡ. ಪೋಸ್ಟ್‌ಮ್ಯಾನನನ್ನು ಕಂಡ ಕೂಡಲೇ ನಾನು ಎದ್ದು ನಿಲ್ಲುತ್ತೇನೆ ಎಂದು ಯೋಗೀಶ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾನೆ.

ಮಾಮಿ ಹೇಗಿದ್ದಾರೆ? ಅದೊಂದನ್ನಾದರೂ ಬರೆ.

ತೌಫೀಕ್


ಬ್ರಾಡ್‌ಫರ್ಡ್
15 ಜೂನ್ 2025, ಆದಿತ್ಯವಾರ

ಇಚ್ಚಾ,

ಹೇಗೆ ಕರೆಯಬೇಕು ಎಂದು ಯೋಚಿಸಿದೆ. ಇಚ್ಚ ಎಂದು ನಾನು ಕರೆದದ್ದು ಯಾವಾಗಲೂ ನಿನ್ನನ್ನೇ, ಆದ್ದರಿಂದ ಅದೇ ಇರಲಿ.

ಮೂರು ವಾರ ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಕಾಗದ ಹರಿದು ಹಾಕುವುದರಲ್ಲಿದ್ದೆ. ಐವತ್ತನಾಲ್ಕು ವರ್ಷ! ನನಗೊಬ್ಬ ಅಣ್ಣ ಇದ್ದನೆಂದು ಹೇಳಲು ನಿಮಗೆ ಮೂವರಿಗೂ ಒಂದು ದಿನ ಸಿಗಲಿಲ್ಲ. ಆಮೇಲೆ ಉಪ್ಪನ ಮೇಲೆ ಸಿಟ್ಟು ಬಂತು. ಅವರಿಲ್ಲ, ಯಾರಿಗೆ ಹೇಳಲಿ?

ಉಮ್ಮನಿಗೆ ನಾನಾಗಿ ಹೇಳಲಿಲ್ಲ. ನಾನು ಊಟ ಸರಿಯಾಗಿ ಮಾಡದ್ದನ್ನು ಕಂಡು ಒಂದು ಮಧ್ಯಾಹ್ನ ಅವರೇ ಕೇಳಿದರು, "ಅವ ಹೇಳಿದನಾ?" ಫೋಟೋ ಅವರ ಮಡಿಲಲ್ಲೇ ಇತ್ತು. ನನಗೆ ಸುಳ್ಳು ಹೇಳಲಾಗಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಶಾಲೆ ಬಿಡ್ತಿದ್ದದ್ದು ಮೂರೂವರೆಗೆ. ನಾನು ಮೂರಕ್ಕೇ ಹೋಗಿ ಗೇಟಿನ ಹತ್ರ ನಿಲ್ತಿದ್ದೆ. ಬೇರೆ ತಾಯಂದಿರು ಸುಮ್ಮನೆ ನಿಂತು ಕಾಯುವುದು. ನಾನು ಗಟ್ಟಿಯಾಗಿ 'ಇರ್ಷಾದ್, ಇರ್ಷಾದ್' ಅಂತ ಕೂಗ್ತಿದ್ದೆ. ಊರಲ್ಲಾದ್ರೆ ಆ ಹೆಸರು ಎತ್ತಿದ್ರೆ ಎಲ್ಲರೂ ನನ್ನ ಬಾಯಿ ಮುಚ್ಚಿಸ್ತಿದ್ರು, ಸಬೂರ್ ಮಾಡು, ಸಹಿಸ್ಕೋ ಅಂತ. ಸತ್ತ ಮಗನ ಹೆಸರು ಬೀದಿಯಲ್ಲಿ ನಿಂತು ಕೂಗ್ಲಿಕ್ಕೆ ಯಾವ ತಾಯಿಗೆ ಸಿಗ್ತದೆ? ಕೂಗಿದ್ರೆ ಒಬ್ಬ ಓಡಿ ಬರ್ತಿದ್ದ ಮಗಳೇ. ಚೀಲ ಎಳ್ಕೊಂಡು ಓಡಿ ಬರ್ತಿದ್ದ. ಇಡೀ ದಿನ ನಾನು ಅದಕ್ಕೇ ಕಾಯುವುದು."

"ಹಾಗಾದರೆ ಮನೆಯೊಳಗೆ ಯಾಕೆ ಹೆಸರು ಕರೆಯಲಿಲ್ಲ?" ಎಂದು ಕೇಳಿದೆ.

"ಒಳಗೆ ಇರ್ಷಾದ್ ಅಂದ್ರೆ ಅವನ ಉಮ್ಮನಿಂದ ಅವನನ್ನು ಕಸಿದ ಹಾಗೆ. ತೌಫೀಕ್ ಅಂದ್ರೆ ನನ್ನವ ಸತ್ತ ಅಂತ ದಿನಾ ನಾನೇ ಹೇಳಿದ ಹಾಗೆ. ಎರಡೂ ಆಗ್ಲಿಲ್ಲ. ಬಾಯಿ ಮುಚ್ಚಿದೆ. ಆ ಮಗುವಿಗೆ ಹೇಗೆ ಆಗ್ತದೆ ಅಂತ ನಾನು ಒಂದು ದಿನವೂ ಯೋಚನೆ ಮಾಡ್ಲಿಲ್ಲ. ಅವ ಹೋದ ಮೇಲೆ ಗೊತ್ತಾಯ್ತು, ಆಗ ಕರೀಲಿಕ್ಕೆ ಅವ ಇಲ್ಲ. ನನ್ನಿಂದ ತಪ್ಪಾಗಿದೆ. ಬರೆ ಅವನಿಗೆ."

ಬರೆದಿದ್ದೇನೆ ಇಚ್ಚ. ನೀನು ತಟ್ಟೆ ನೋಡಿ ಉಣ್ಣುತ್ತಿದ್ದದ್ದನ್ನೂ ಅವರಿಗೆ ಹೇಳಿದೆ. ಅವರು ಬಹಳ ಅತ್ತರು.

ಇನ್ನು ಫೋಟೋ. ಜುಲೈ ಕೊನೆಯೊಳಗೆ ಕೆಳಗಿನ ಹೆಸರು ಕೊಡಬೇಕು, ಇಲ್ಲವೇ ತೆಗೆಯುತ್ತಾರೆ. ಉಮ್ಮನನ್ನು ಕೇಳಿದರೆ, "ಅವನನ್ನು ಕೇಳು. ಅವನ ಮುಖ, ಅವ ಹೇಳಿದ ಹೆಸರು. ಅವ ಬೇಡ ಅಂದ್ರೆ ಬೇಡ" ಎನ್ನುತ್ತಾರೆ. ನಾನೂ ಇನ್ನು ಹಟ ಹಿಡಿಯುವುದಿಲ್ಲ. ನೀನು ಹೇಳಿದಂತೆ.

ಅವನ ಖಬರಿನ ಫೋಟೋ ಸಿಕ್ಕಿದರೆ ಕಳಿಸು. ಕಲ್ಲಿನ ಮೇಲೆ ಹೆಸರಿದೆಯಾ?

ರಾಹಿಲಾ


ಮಂಗಲ್ಪಾಡಿ
4 ಜುಲೈ 2025

ರಾಹಿಲಾ,

ನಿನ್ನ ಕಾಗದವನ್ನು ಮೇಜಿನಲ್ಲೇ ಒಡೆದದ್ದು ನನ್ನ ತಪ್ಪು. ಎದುರಿಗೆ ಪಿಂಚಣಿಯ ಅರ್ಜಿಗೆ ಬಂದ ಅಮ್ಮು ಕೂತಿದ್ದಳು. ನಾನು ಅತ್ತದ್ದು ಕಂಡು, ತನ್ನ ಪಿಂಚಣಿಯೇ ನಿಂತುಹೋಗಿದೆ ಎಂದುಕೊಂಡು ಅವಳೂ ಅಳಲು ಶುರುಮಾಡಿದಳು. ಅವಳನ್ನು ಸಮಾಧಾನ ಮಾಡಲಿಕ್ಕೆ ಅರ್ಧ ಗಂಟೆ ಹೋಯಿತು. ಹೇಳಬೇಡ ಎಂದದ್ದನ್ನು ಹೇಳಿದ್ದಕ್ಕೆ ನಿನ್ನನ್ನು ಚೆನ್ನಾಗಿ ಬೈಯಬೇಕೆಂದಿದ್ದೆ, ಅಷ್ಟರಲ್ಲಿ ಅದೂ ತಪ್ಪಿಹೋಯಿತು.

ಮಾಮಿಗೆ ಇದನ್ನು ಓದಿ ಹೇಳು. ಮಾವಿನಮಿಡಿ ಸೇರಿಸಬೇಡ, ಬರೆದ ಹಾಗೇ ಓದು.

ನನಗೆ ಸಿಟ್ಟು ಹೋಗಿಲ್ಲ. ಎಲ್ಲ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹತ್ತು ವರ್ಷದಲ್ಲಿ ಅಡಿಗೆಮನೆಯಲ್ಲಿ ಒಂದು ಸಲ ತೌಫೀಕ್ ಎಂದು ಕರೆದಿದ್ದರೆ ನಾನು ಬಹುಶಃ ಅಲ್ಲೇ ಇರುತ್ತಿದ್ದೆ. ಆದರೆ ಗೇಟಿನ ವಿಷಯ ಮಾಮಿಗೆ ಗೊತ್ತಿಲ್ಲದ್ದು ಒಂದು ಉಂಟು. ನನ್ನ ಕ್ಲಾಸಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಮೂರು ಗಂಟೆಗೆ ಅವರ ಹಸಿರು ಶಾಲು ಬಂತೋ ಎಂದು ನಾನು ನೋಡುತ್ತಿದ್ದೆ. ಟೀಚರ್ ಎರಡು ಸಲ ನನ್ನ ಜಾಗ ಬದಲಿಸಿದರು, ಎರಡು ಸಲವೂ ಹೊಟ್ಟೆನೋವು ಎಂದು ಅತ್ತು ಕಿಟಕಿಯ ಹತ್ತಿರ ಬಂದೆ. ಗೇಟಿನಲ್ಲಿ ಕೂಗುವಾಗ ಮಾತ್ರ ಅವರ ಸ್ವರದಲ್ಲಿ ಒಂದು ಪ್ರೀತಿ ಇರುತ್ತಿತ್ತು, ಮನೆಗೆ ಹೋದರೆ ಅದು ಇಲ್ಲ. ಹೆಸರು ನನ್ನದಲ್ಲ ಎಂದು ಗೊತ್ತಿದ್ದೂ ನಾನು ಓಡಿ ಬರುತ್ತಿದ್ದದ್ದು ಅದಕ್ಕೆ. ಬೇರೆ ಯಾವ ಹೆಸರು ಕೂಗಿದ್ದರೂ ಓಡಿ ಬರುತ್ತಿದ್ದೆ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ಇದ್ದೆ. ಈಗ ಬಾಯಿ ತೆರೆದರೆ ನಿಲ್ಲುವುದಿಲ್ಲ. ಝುಹ್ರಾಳಿಗೆ ಮೂರು ದಿನದಿಂದ ಬ್ರಾಡ್‌ಫರ್ಡಿನ ಕಥೆಯೇ. ಮಿಲ್ಲಿನ ಗೋಡೆಗೆ ಬೆನ್ನು ಒತ್ತಿ ನಿಂತರೆ ಒಳಗಿನ ಮಗ್ಗದ ನಡುಕ ಹಲ್ಲಿಗೆ ಬರುತ್ತಿದ್ದದ್ದು, ಕಸ್ಟರ್ಡಿನ ಮೇಲಿನ ಕೆನೆ ಕಂಡರೆ ನನಗೆ ವಾಂತಿ ಬರುತ್ತಿದ್ದದ್ದು, ಪೋಲೆಂಡಿನ ಅಜ್ಜ ನನಗೆ ಚೆಸ್ ಕಲಿಸಿ ತಾನೇ ಮೋಸ ಮಾಡುತ್ತಿದ್ದದ್ದು. "ಇಷ್ಟೆಲ್ಲ ಇಟ್ಕೊಂಡು ನಲವತ್ತು ವರ್ಷ ನನ್ನ ಹತ್ರ ಎಂತ ಮಾತಾಡ್ತಿದ್ರಿ ನೀವು?" ಎಂದು ಅವಳು ಈಗ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಹಿಮ ಮಾತ್ರ ಬೆಳ್ಳಗಿರಲಿಲ್ಲ, ಅದನ್ನು ಸರಿ ಮಾಡು.

ನಿನ್ನೆ ಅಸರ್ ನಮಾಜಿನ ನಂತರ ಪಳ್ಳಿಯ ಹಿಂದೆ ಹೋದೆ. ಫೋಟೋ ತೆಗೆದು ಇದರೊಡನೆ ಇಟ್ಟಿದ್ದೇನೆ. ಚಿಕ್ಕ ಮೀಸಾನ್ ಕಲ್ಲು, ಅರ್ಧ ಮಣ್ಣಿನಲ್ಲಿ ಹೂತಿದೆ. ಕೈಯಿಂದ ಒರೆಸಿ ನೋಡಿದೆ. ಹೆಸರು ಇಲ್ಲ. ಅಲ್ಲಿ ನಿಂತಾಗ ನನಗೆ ಮೊದಲ ಬಾರಿಗೆ ಅವನ ಮೇಲೆ ಮರುಕ ಬಂತು. ನನ್ನ ಹೆಸರಾದರೂ ರೇಷನ್ ಕಾರ್ಡಿನಲ್ಲಿ, ವೋಟರ್ ಲಿಸ್ಟಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ ಉಂಟು. ಅವನದ್ದು ಇರುವ ಕಾಗದಗಳಲ್ಲೆಲ್ಲ ಇರುವುದು ನಾನು.

ಅದಕ್ಕೆ ಫೋಟೋ ಇರಲಿ. ಕತ್ತರಿಸಬೇಡ. ಮಾಮನ ಕಾಗದದ ವಿಷಯ ಯಾರಾದರೂ ಎತ್ತಿದರೆ ಎತ್ತಲಿ, ಅರವತ್ತೊಂದು ವರ್ಷದವನನ್ನು ಹಿಡಿದುಕೊಂಡು ಹೋಗಿ ಅವರಿಗೆ ಎಂತ ಸಿಗಬೇಕು?

ಕೆಳಗೆ ಹೀಗೆ ಬರೆಸು: "ಇರ್ಷಾದ್, ತೌಫೀಕ್, ರಾಹಿಲಾ. 1977."

ಹೆಸರು ಮೂರು ಉಂಟು, ಫೋಟೋದಲ್ಲಿ ಇಬ್ಬರೇ ಇದ್ದಾರಲ್ಲ ಎಂದು ಆ ಲೈಬ್ರರಿಯ ಹುಡುಗಿ ಖಂಡಿತ ಕೇಳುತ್ತಾಳೆ. ನೀನು ಇಂಗ್ಲಿಷಿನಲ್ಲಿ ಒಂದು ಗಂಟೆ ವಿವರಿಸಲು ಹೋಗಬೇಡ, ನಿನಗೆ ಚಿಕ್ಕದಾಗಿ ಹೇಳಲಿಕ್ಕೆ ಬರುವುದಿಲ್ಲ. ಮಾಮಿಯನ್ನು ಕರೆದುಕೊಂಡು ಹೋಗಿ ಆ ಗೋಡೆಯ ಎದುರು ಒಂದು ಕುರ್ಚಿ ಹಾಕಿ ಕೂರಿಸು. ತನಗೆ ಎಷ್ಟು ಮಕ್ಕಳು ಎಂದು ಅವರೇ ಹೇಳಲಿ.

ತೌಫೀಕ್